ಪರವಾನಗಿ ಗಾಡಿಗೆ ಕೊಟ್ಟರೆ ಸಾಲದು, ದಾರಿಗೂ ಬೇಕು

ಗದಗ, ಕೊಪ್ಪಳ, ಚಿತ್ರದುರ್ಗದ ಬಯಲಿನಲ್ಲಿ ನಿಂತಿರುವ ಗಾಳಿಯಂತ್ರಗಳ ರೆಕ್ಕೆಗಳು ಅಲ್ಲಿಗೆ ಬಂದದ್ದು ಬಸ್ಸು, ಬೈಕು, ಎತ್ತಿನಗಾಡಿ ಓಡಾಡುವ ರಸ್ತೆಗಳಲ್ಲೇ. ಈಚಿನ 3 ಮೆಗಾವಾಟ್ ಯಂತ್ರಗಳಲ್ಲಿ ಒಂದೊಂದು ರೆಕ್ಕೆಯೂ 70 ಮೀಟರ್ ಉದ್ದ ಇರುವುದುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸರಕು ವಾಹನದ ಅಗಲವನ್ನು 2.6 ಮೀಟರಿಗೆ ಮಿತಿಗೊಳಿಸಿವೆ. 2020ರ ತಿದ್ದುಪಡಿಯ ನಂತರ ಎತ್ತರದ ಮಿತಿ 4 ಮೀಟರ್. ಸಾಮಾನ್ಯ ಟ್ರೇಲರ್ ಲಾರಿಯ ಉದ್ದ 18 ಮೀಟರಿನ ಆಸುಪಾಸಿನಲ್ಲೇ ಇರಬೇಕು. ಈ ಅಳತೆ ಮೀರಿದ ಸರಕನ್ನು ಸಾಗಣೆದಾರರು ‘ಓಡಿಸಿ’ (ಓವರ್ ಡೈಮೆನ್ಷನಲ್ ಕಾರ್ಗೊ) ಎಂದು ಕರೆಯುತ್ತಾರೆ. ಅದಕ್ಕೆ ವಿಶೇಷ ಅನುಮತಿ ಬೇಕು, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಪಡೆಯಲೂಬಹುದು. ಆದರೆ ಅನುಮತಿಯ ಕಾಗದ ಮುಖ್ಯವಾಗಿ ಗಾಡಿಯ ಅಳತೆಯನ್ನು ಹೇಳುತ್ತದೆ. ಅವಘಡ ನಡೆಯುವುದು ದಾರಿಯ ಯಾವುದೋ ಒಂದು ತಿರುವಿನಲ್ಲಿ, ಒಂದು ತಂತಿಯ ಕೆಳಗೆ, ಒಂದು ಸೇತುವೆಯ ಮೇಲೆ. ಆದ್ದರಿಂದ ದೈತ್ಯ ಸರಕಿನ ಸುರಕ್ಷತೆ ದಾರಿಯನ್ನು ಮೊದಲೇ ಅಳೆಯುವುದರಲ್ಲಿದೆ, ಅಳೆದವರನ್ನು ಹೊಣೆಗಾರರನ್ನಾಗಿ ಮಾಡುವುದರಲ್ಲಿದೆ.

ಗಾಳಿಯಂತ್ರದ ರೆಕ್ಕೆಯೊಂದು ಊರಿನ ಸರ್ಕಲ್‌ನಲ್ಲಿ ಎಡಕ್ಕೆ ತಿರುಗುವುದನ್ನೇ ಗಮನಿಸಿ. ಎಳೆಯುವ ಲಾರಿ ತಿರುವನ್ನು ದಾಟಿದರೂ ಹಿಂದಿನ ಚಕ್ರಗಳು ಅದೇ ಜಾಡಿನಲ್ಲಿ ಬರುವುದಿಲ್ಲ. ಒಳಮಗ್ಗುಲಿಗೆ ಸರಿದು ಫುಟ್‌ಪಾತಿನ ಅಂಚನ್ನು ಹತ್ತಲು ನೋಡುತ್ತವೆ. ಅದೇ ಹೊತ್ತಿಗೆ ಕೊನೆಯ ಚಕ್ರಗಳಿಂದ ಆಚೆಗೆ ಚಾಚಿಕೊಂಡಿರುವ, ಕೆಂಪು ಬಟ್ಟೆ ಕಟ್ಟಿದ ರೆಕ್ಕೆಯ ತುದಿ ಎದುರು ದಿಕ್ಕಿಗೆ, ಅಂದರೆ ಬಲಬದಿಯ ಅಂಗಡಿಗಳ ಕಡೆಗೆ ಬೀಸುತ್ತದೆ. ಹಿಂದಿನ ಆಕ್ಸಲ್‌ಗಳನ್ನು ಬೇರೆಯಾಗಿ ತಿರುಗಿಸಬಲ್ಲ ಟ್ರೇಲರ್‌ಗಳಿವೆ, ನಿಜ. ಆದರೂ ಪಕ್ಕದಲ್ಲಿ ನಡೆಯುತ್ತಾ ಅದನ್ನು ನಿಯಂತ್ರಿಸುವವನಿಗೆ ಆ ತಿರುವಿನಲ್ಲಿ ಕಂಬ ಎಲ್ಲಿದೆ, ಚರಂಡಿಯ ಚಪ್ಪಡಿ ಎಷ್ಟು ಭಾರ ತಡೆದೀತು ಎಂಬುದು ಮೊದಲೇ ತಿಳಿದಿರಬೇಕು. ಇವು ಯಾವುವೂ ಕಚೇರಿಯಲ್ಲಿ ಕುಳಿತು ಅನುಮತಿ ಕೊಡುವವರಿಗೆ ಕಾಣುವ ಸಂಗತಿಗಳಲ್ಲ.

ನಿಯಮ ಕಟ್ಟುನಿಟ್ಟಾಗಿರುವ ದೇಶದಲ್ಲೂ ದಾರಿಯನ್ನು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಯ ಸೇತುವೆ ಸಾಕ್ಷಿ. 2013ರ ಮೇ 23ರ ಸಂಜೆ, ಕೆನಡಾದಿಂದ ಬಂದ ಎತ್ತರದ ಸರಕೊಂದು ಸೇತುವೆಯ ಮೇಲ್ಭಾಗದ ಉಕ್ಕಿನ ಚೌಕಟ್ಟಿಗೆ ಬಡಿಯಿತು. ಸೇತುವೆಯ ಒಂದು ಅಂಕಣ ನದಿಗೆ ಕುಸಿದು ಎರಡು ವಾಹನಗಳು ನೀರಿಗೆ ಬಿದ್ದವು. ಅವುಗಳಲ್ಲಿದ್ದ ಮೂವರೂ ಬದುಕಿದ್ದು ಅದೃಷ್ಟ. ಲಾರಿಗೆ 15 ಅಡಿ 9 ಇಂಚು ಎತ್ತರದ ಪರವಾನಗಿ ಇತ್ತು. ಎತ್ತರ ಅಳೆಯುವ ಕೋಲು ಕಟ್ಟಿದ ಪೈಲಟ್ ಗಾಡಿಯೂ ಮುಂದೆ ಹೋಗುತ್ತಿತ್ತು. ಆದರೆ ದಾರಿಯಲ್ಲಿ ಎಷ್ಟು ಎತ್ತರದ ಸರಕು ನುಸುಳೀತು ಎಂದು ನೋಡುವ ಹೊಣೆಯನ್ನು ರಾಜ್ಯ ಸಾಗಣೆದಾರನಿಗೇ ಬಿಟ್ಟಿತ್ತು. ಆ ಚೌಕಟ್ಟು ಕಮಾನಿನ ಆಕಾರದ್ದು. ನಡುವೆ ಎತ್ತರ, ಅಂಚಿನಲ್ಲಿ ತಗ್ಗು. ಒಳಗಿನ ಲೇನ್‌ನಲ್ಲಿ ಹೋಗಿದ್ದರೆ ಲಾರಿ ದಾಟುತ್ತಿತ್ತು. ಅದು ಹೊರಗಿನ ಲೇನ್ ಹಿಡಿದಿತ್ತು. ಪೈಲಟ್ ಗಾಡಿಯ ಚಾಲಕಿ ಆ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದುದು, ಲಾರಿ ಆಕೆಯ ಗಾಡಿಗೆ ತೀರಾ ಹತ್ತಿರ ಬರುತ್ತಿದ್ದುದು ತನಿಖೆಯಲ್ಲಿ ಹೊರಬಂತು. ಕೋಲು ತಗುಲಿದ್ದರೂ ಲಾರಿಗೆ ನಿಲ್ಲಲು ಜಾಗವಿರಲಿಲ್ಲ. ಕಾಗದ, ಕೋಲು, ಬೆಂಗಾವಲು ಎಲ್ಲವೂ ಇದ್ದವು. ದಾರಿಯ ತಿಳಿವಳಿಕೆ ಮಾತ್ರ ಇರಲಿಲ್ಲ.

ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನ ಈಜಿಪುರಕ್ಕೆ ಬಂದ ವಿಷ್ಣುವಿನ ಏಕಶಿಲಾ ವಿಗ್ರಹದ್ದು. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ 2018ರ ಕೊನೆಯಲ್ಲಿ 240 ಚಕ್ರಗಳ ಟ್ರೇಲರ್ ಏರಿ ಹೊರಟ ಮುನ್ನೂರು ಟನ್ನಿಗೂ ಮೀರಿದ ಆ ಶಿಲೆ ಬೆಂಗಳೂರು ಮುಟ್ಟಿದ್ದು 2019ರ ಜೂನ್‌ನಲ್ಲಿ. ದಾರಿಯುದ್ದಕ್ಕೂ ಟೈರುಗಳು ಸಿಡಿದವು, ಅಡ್ಡಬಂದ ಕಟ್ಟಡಗಳ ಭಾಗಗಳನ್ನು ಒಡೆಯಬೇಕಾಯಿತು. ಕೃಷ್ಣಗಿರಿ ಜಿಲ್ಲೆಯಲ್ಲಿ ಸೇತುವೆ ಭಾರ ತಾಳದೆಂದು ಪಕ್ಕದಲ್ಲೇ ಮಣ್ಣಿನ ದಾರಿ ಹಾಕಿ ಹೊಳೆ ದಾಟಿಸಲಾಯಿತು. ಸೇತುವೆಯ ಮೇಲೆ ಹೋಗದಿದ್ದುದು ವಿವೇಕ. ಆದರೆ ನಾಲ್ಕೈದು ಗಂಟೆಯ ದಾರಿಗೆ ಆರು ತಿಂಗಳು ಹಿಡಿದದ್ದು, ಇಂಥ ಅಡ್ಡಿಗಳನ್ನು ಹೊರಡುವ ಮೊದಲೇ ಪಟ್ಟಿ ಮಾಡಿ ಮುಗಿಸಬೇಕೆಂಬ ಪಾಠವನ್ನು ಹೇಳುತ್ತದೆ.

ಇಷ್ಟೆಲ್ಲ ಸಮೀಕ್ಷೆ ಎಂದರೆ ಖರ್ಚು, ವಿಳಂಬ. ಪವನ ವಿದ್ಯುತ್ ದುಬಾರಿಯಾಗುತ್ತದೆ ಎಂಬ ಆಕ್ಷೇಪ ಸಹಜ. ಆದರೆ ಒಂದೇ ಬಯಲಿಗೆ ಹತ್ತಾರು ಯಂತ್ರಗಳು ಹೋಗುವಾಗ ದಾರಿಯನ್ನು ಒಮ್ಮೆ ಅಳೆದರೆ ಸಾಕು. ನಂತರದ ಗಾಡಿಗಳಿಗೆ ಬದಲಾವಣೆಯನ್ನಷ್ಟೇ ನೋಡಬೇಕು. ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ, ಎಸ್ಕಾಂಗಳು ತಮ್ಮ ಸೇತುವೆ ಮತ್ತು ತಂತಿಗಳ ಅಳತೆಯನ್ನು ಒಂದೇ ಕಡೆ ಇಟ್ಟರೆ ಈ ಖರ್ಚು ಇನ್ನೂ ಇಳಿಯುತ್ತದೆ. ದಂಡ ಹೆಚ್ಚಿಸಿದರೆ ಸಾಲದೇ ಎನ್ನುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ತಲಾ 2,000 ರೂಪಾಯಿ ದಂಡವಿದೆ. ಹೊರಚಾಚಿದ ಸರಕಿಗೂ 20,000 ರೂಪಾಯಿ. ದಂಡ ತಪ್ಪು ಮಾಡಿದವನನ್ನು ಹಿಡಿದೀತು. ಅನುಮತಿ ಪಡೆದೇ ಹೊರಟವನಿಗೆ ತಗ್ಗಿನ ತಂತಿ ಎಲ್ಲಿದೆಯೆಂದು ಹೇಳಲಾರದು.

ಹೆಚ್ಚು ತೂಕದ ಆಕ್ಷೇಪ ಮತ್ತೊಂದಿದೆ. ಗಾಳಿಯಂತ್ರದ ರೆಕ್ಕೆ ಅಪರೂಪದ ಅತಿಥಿ. ದಿನವೂ ಕಾಡುವುದು ಅನುಮತಿಯನ್ನೇ ಕೇಳದ ಸರಕು. ಬೆಳಗಾವಿ, ಬಾಗಲಕೋಟೆ, ಮಂಡ್ಯದಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಡಬಲ್ ಟ್ರೇಲರ್‌ಗಳು ರಾತ್ರಿ ರಸ್ತೆಗಿಳಿಯುತ್ತವೆ. ಮೇವು ಹೇರಿದ ಲಾರಿ ವಿದ್ಯುತ್ ತಂತಿ ತಗುಲಿ ಹೊತ್ತಿ ಉರಿಯುವುದು ಪ್ರತಿ ವರ್ಷದ ಸುದ್ದಿ. ಮಾತು ಸರಿಯೇ, ಆದರೆ ಅದು ಈ ವಾದವನ್ನೇ ಬಲಪಡಿಸುತ್ತದೆ. ಕಬ್ಬಿನ ದಾರಿ ಯಾವುದು, ಕಾರ್ಖಾನೆಯ ಗೇಟು ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಆ ದಾರಿಯ ತಗ್ಗು ತಂತಿಗಳನ್ನು ಹಂಗಾಮಿಗೆ ಮೊದಲು ಎತ್ತರಿಸಿ, ದೀಪ, ರಿಫ್ಲೆಕ್ಟರ್ ಇಲ್ಲದ ಟ್ರೇಲರನ್ನು ಕಾರ್ಖಾನೆಯ ವೇಬ್ರಿಜ್ ಬಳಿಯೇ ತಡೆಯಲು ಹೊಸ ಕಾನೂನೇನೂ ಬೇಕಿಲ್ಲ.

ಬೇಕಾಗಿರುವುದು ಮೂರು. ಓಡಿಸಿ ಅನುಮತಿಯ ಜೊತೆಗೆ ಎಂಜಿನಿಯರ್ ಸಹಿ ಮಾಡಿದ ದಾರಿಯ ಸಮೀಕ್ಷೆ ಕಡ್ಡಾಯವಾಗಬೇಕು. ಪೈಲಟ್ ಗಾಡಿಯ ಚಾಲಕರಿಗೆ ತರಬೇತಿ ಮತ್ತು ಪ್ರತ್ಯೇಕ ಪರವಾನಗಿ ಇರಬೇಕು. ಗಾಡಿ ಸಾಗುವ ದಿನ ಮತ್ತು ಹೊತ್ತು ಆಯಾ ಊರಿನ ಠಾಣೆಗೂ ಪಂಚಾಯಿತಿಗೂ ಮುಂಚಿತವಾಗಿ ತಿಳಿಯಬೇಕು. ಬೈಕಿನಲ್ಲಿ, ಕಾರಿನಲ್ಲಿ ಹೋಗುವವರೂ ಒಂದನ್ನು ನೆನಪಿಡಲಿ: ತಿರುಗುತ್ತಿರುವ ಉದ್ದ ಟ್ರೇಲರಿನ ಪಕ್ಕದಲ್ಲಿ ಖಾಲಿ ಕಾಣುವ ಜಾಗ ಖಾಲಿಯಲ್ಲ, ಮುಂದಿನ ಕ್ಷಣ ಅದು ಟ್ರೇಲರಿನದೇ ಜಾಗ. ಐದು ನಿಮಿಷ ತಡವಾದರೂ ಹಿಂದೆಯೇ ನಿಲ್ಲಿ.