ವ್ಯಾನು ಮಾರಿದೆವು, ಟ್ರೇಲರ್ ಹೂಡಿದೆವು

ಗಾಲಿಯ ಮೇಲಿನ ಮನೆಗಳಲ್ಲಿ ಎರಡು ಬಗೆ. ಎಂಜಿನ್ನೂ ಮನೆಯೂ ಒಂದೇ ಮೈಯಲ್ಲಿದ್ದರೆ ಅದು ಮೋಟಾರ್‌ಹೋಮ್. ಎಳೆಯುವ ಗಾಡಿ ಬೇರೆ, ಮನೆ ಬೇರೆ ಇದ್ದರೆ ಅದು ಟ್ರೇಲರ್. ಪರದೇಶಗಳಲ್ಲಿ ಊರೂರು ಸುತ್ತುವವರು ವಯಸ್ಸಾದ ಮೋಟಾರ್‌ಹೋಮ್ ಮಾರಿ ಟ್ರೇಲರ್ ಕೊಳ್ಳುವುದುಂಟು. ಯರಗಟ್ಟಿಯ ನಮ್ಮ ಮನೆಯಲ್ಲೂ ಹೋದ ವರ್ಷ ಅದೇ ನಡೆಯಿತು. ವ್ಯತ್ಯಾಸ ಇಷ್ಟೇ: ನಾವು ಸುತ್ತುವುದು ದೇಶವನ್ನಲ್ಲ, ವರ್ಷಕ್ಕೆರಡು ಸಲ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತೇವೆ. ಬನದ ಹುಣ್ಣಿಮೆಗೆ ಒಮ್ಮೆ, ಭಾರತ ಹುಣ್ಣಿಮೆಗೆ ಇನ್ನೊಮ್ಮೆ.

ಗುಡ್ಡದ ಜಾತ್ರೆ ಒಂದು ದಿನದಲ್ಲಿ ಮುಗಿಯುವಂಥದಲ್ಲ. ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣಗಳಿಂದಲೂ ಜನ ಬರುತ್ತಾರೆ. ಬಯಲಲ್ಲಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆ ಹಚ್ಚಿ, ಹೋಳಿಗೆ, ಕಡಬು ಮಾಡಿ, ಪಡ್ಡಲಗಿ ತುಂಬಿಸಿ, ‘ಉಧೋ ಉಧೋ’ ಎಂದು ಭಂಡಾರ ಹಾರಿಸಿ, ಒಂದೆರಡು ರಾತ್ರಿ ಅಲ್ಲೇ ಮಲಗಿ ಏಳುತ್ತಾರೆ. ಹಾಗಾಗಿ ಹೋಗುವ ಗಾಡಿಯೇ ಮನೆಯೂ ಆಗಬೇಕು.

ಮೊದಲು ಚಕ್ಕಡಿ

ನಾನು ಸಣ್ಣವನಿದ್ದಾಗ ಆ ಮನೆ ಚಕ್ಕಡಿಯಾಗಿತ್ತು. ಬಿದಿರಿನ ಕಮಾನು ಕಟ್ಟಿ ಮೇಲೆ ತಾಡಪತ್ರಿ ಹೊದಿಸುತ್ತಿದ್ದರು. ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ. ಬುಟ್ಟಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಎತ್ತುಗಳು ತಾಸಿಗೆ ಮೂರೋ ನಾಲ್ಕೋ ಕಿಲೋಮೀಟರ್ ನಡೆಯುತ್ತಿದ್ದವು. ಮುನವಳ್ಳಿ ದಾಟಿ ಸವದತ್ತಿ ಹಾಯ್ದು ಗುಡ್ಡ ಮುಟ್ಟುವುದಕ್ಕೆ ಒಂದು ದಿನ ಪೂರ್ತಿ ಬೇಕಾಗುತ್ತಿತ್ತು. ಮುಟ್ಟಿದ ಕೂಡಲೇ ಅಪ್ಪ ಎತ್ತು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದ. ಚಕ್ಕಡಿ ನಿಂತಲ್ಲೇ ಮನೆಯಾಗುತ್ತಿತ್ತು. ಅವ್ವ ಒಲೆ ಹಚ್ಚುತ್ತಿದ್ದಳು, ನಾವು ಚಕ್ಕಡಿಯ ಕೆಳಗಿನ ನೆರಳಿನಲ್ಲಿ ಮಲಗುತ್ತಿದ್ದೆವು.

ಪರದೇಶದ ಕ್ಯಾರವಾನ್‌ಗಳಿಗೂ ಮೊದಲು ಇದ್ದದ್ದು ಕುದುರೆಯೇ. ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ ಎಂಬವರು ನೌಕಾಪಡೆಯಲ್ಲಿ ವೈದ್ಯರಾಗಿದ್ದರು, ಮಕ್ಕಳಿಗಾಗಿ ಸಾಹಸಕಥೆ ಬರೆದವರು. ಅವರು 1885ರಲ್ಲಿ ‘ವಾಂಡರರ್’ ಎಂಬ ಮರದ ಮನೆಗಾಡಿ ಮಾಡಿಸಿಕೊಂಡು, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಪ್ರವಾಸ ಮಾಡಿದರು. ಜರ್ಮನಿಯ ಕಥೆ ಇನ್ನೂ ಸೊಗಸು. ಅರಿಸ್ಟ್ ಡೆಟ್ಲೆಫ್ಸ್ ಎಂಬವರ ಮನೆತನದ್ದು ಬಾರುಕೋಲು ಮಾಡುವ ಕಾರ್ಖಾನೆ. ವ್ಯಾಪಾರಕ್ಕೆಂದು ಅವರು ಊರೂರು ತಿರುಗುತ್ತಿದ್ದರು. ಅವರು ಮದುವೆಯಾಗಲಿದ್ದ ಹುಡುಗಿ ಚಿತ್ರ ಬರೆಯುವವಳು. ತಾನೂ ಜೊತೆಗೆ ಬರಬೇಕು, ದಾರಿಯಲ್ಲೇ ಚಿತ್ರ ಬರೆಯಬೇಕು ಎಂದು ಆಕೆಗೆ ಆಸೆ. ಅದಕ್ಕಾಗಿ 1931ರಲ್ಲಿ ಡೆಟ್ಲೆಫ್ಸ್ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯನ್ನೇ ಮಾಡಿದರು. ಬಾರುಕೋಲಿನ ಕಾರ್ಖಾನೆಯವರ ಹೆಸರು ಮುಂದೆ ಕ್ಯಾರವಾನ್‌ಗಳಿಗೆ ಪ್ರಸಿದ್ಧವಾಯಿತು!

ವ್ಯಾನಿನ ಲೆಕ್ಕ

ನಮ್ಮ ಮನೆಯಲ್ಲಿ ಎತ್ತು ಹೋದವು, ಚಕ್ಕಡಿ ಹೋಯಿತು. ತಮ್ಮ ಒಂದು ಹಳೇ ಡೀಸೆಲ್ ವ್ಯಾನು ತಂದ. ಜಾತ್ರೆ ಬಂದಾಗ ಅದರೊಳಗೆ ಹಲಗೆ ಹಾಸುತ್ತಿದ್ದೆವು. ಹಗಲಿಗೆ ಬೆಂಚು, ರಾತ್ರಿಗೆ ಮಂಚ. ಬಾಗಿಲಿಗೆ ಕೀಲಿ ಹಾಕಬಹುದಿತ್ತು, ಮಳೆ ಬಂದರೂ ಹೆದರಿಕೆಯಿರಲಿಲ್ಲ. ಮೊಮ್ಮಕ್ಕಳು ಅದರಲ್ಲೇ ತೊಟ್ಟಿಲು ಕಂಡರು. ಇಪ್ಪತ್ತು ವರ್ಷ ಅದು ನಮ್ಮ ಮೋಟಾರ್‌ಹೋಮ್ ಆಗಿತ್ತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎರಡು ಕಾಲಮ್ಮಿನ ಲೆಕ್ಕ ಬರೆಯದೆ ನಿದ್ದೆ ಬಾರದು. ಎಡಕ್ಕೆ ಬರೆದೆ: ವ್ಯಾನು ವರ್ಷದಲ್ಲಿ ಹೆಚ್ಚೆಂದರೆ ಹತ್ತು ದಿನ ಓಡುತ್ತದೆ, 355 ದಿನ ನಿಲ್ಲುತ್ತದೆ. ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ಟೈರು ಬಿರಿಯುತ್ತದೆ, ವಿಮೆಯ ಕಂತು ಮಾತ್ರ ತಪ್ಪುವುದಿಲ್ಲ. ಖಾಸಗಿ ಗಾಡಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಕಾರಿನಂಥ ಗಾಡಿಗಳಿಗೆ ಈ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು.

ಬಲಕ್ಕೆ ಬರೆದೆ: ತಮ್ಮನ ಹತ್ತಿರ ಟ್ರ್ಯಾಕ್ಟರ್ ಹೇಗೂ ಇದೆ, ಟ್ರೇಲರ್ ಇದೆ. ಅದು ಗೊಬ್ಬರ ಹೇರುತ್ತದೆ, ಕಬ್ಬು ಹೇರುತ್ತದೆ, ತನ್ನ ಅನ್ನ ತಾನೇ ದುಡಿಯುತ್ತದೆ. ತೊಳೆದು ಕಮಾನು ಹಾಕಿದರೆ ಅದೇ ಬಿಡಾರ. ಒಂದು ಎಂಜಿನ್ನಿನ ಖರ್ಚು ಉಳಿಯಿತು.

ಇನ್ನೊಂದು ಮಾತು ರೂಪಾಯಿಯ ಲೆಕ್ಕಕ್ಕೆ ಸಿಗುವಂಥದಲ್ಲ. ಒಂದು ವರ್ಷ ಗುಡ್ಡದಲ್ಲಿ ನಡುರಾತ್ರಿ ಸಣ್ಣ ಮೊಮ್ಮಗನಿಗೆ ಜ್ವರ ಏರಿತು. ಸವದತ್ತಿಗೆ ಕರೆದೊಯ್ಯಬೇಕು. ಗಾಡಿ ಬಾಗಿಲಲ್ಲೇ ಇದೆ, ಆದರೆ ಅದೇ ಮನೆ! ಮಲಗಿದ್ದವರನ್ನೆಲ್ಲ ಎಬ್ಬಿಸಿ, ಪಾತ್ರೆ, ಹಾಸಿಗೆ ಕೆಳಗಿಳಿಸಿ, ಹಲಗೆ ತೆಗೆದು ಹೊರಡುವಷ್ಟರಲ್ಲಿ ಅರ್ಧ ತಾಸು ಹೋಯಿತು. ಮಗು ಹುಷಾರಾಯಿತು, ಆದರೆ ಆ ಅರ್ಧ ತಾಸು ನನ್ನ ತಲೆಯಿಂದ ಹೋಗಲಿಲ್ಲ. ಎಂಜಿನ್ನೂ ಮನೆಯೂ ಒಂದೇ ಆದರೆ ಎಂಜಿನ್ನು ಹೊರಟಾಗ ಮನೆಯೂ ಹೊರಡಬೇಕಾಗುತ್ತದೆ.

ಅಕ್ಕನ ತಕರಾರು

ವ್ಯಾನು ಮಾರುವ ಮಾತಿಗೆ ನನ್ನ ಅಕ್ಕ ಒಪ್ಪಲಿಲ್ಲ. ಎಂಬತ್ತು ದಾಟಿದವಳು, ಮನೆಗೇ ಹಿರಿಯಳು.

“ಜಾತ್ರಿ ಅಂದ್ರ ಎಲ್ಲಾರೂ ಕೂಡಿ ಹೋಗೂದು. ಟ್ರೇಲರ್‌ನ್ಯಾಗ ನನ್ನ ಹೆಂಗ ಕುಂಡರಸ್ತೀರಿ?” ಎಂದಳು.

“ಕುಂಡರಸೂದಿಲ್ಲ ಅಕ್ಕಾ,” ಎಂದೆ. “ಟ್ರೇಲರ್‌ನ್ಯಾಗ ಯಾರೂ ಕುಂಡರೂದಿಲ್ಲ.”

ಮೊಮ್ಮಕ್ಕಳ ಮುಖ ಸಪ್ಪಗಾಯಿತು. ಅವರಿಗೆ ಟ್ರೇಲರ್‌ನಲ್ಲಿ ನಿಂತು ಕೂಗುತ್ತ ಹೋಗುವ ಆಸೆ. ಮಕ್ಕಳೇ, ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಟ್ರೇಲರ್ ಸಾಮಾನಿನ ಗಾಡಿ, ಅದರಲ್ಲಿ ಜನರನ್ನು ಸಾಗಿಸಲು ಕಾನೂನು ಒಪ್ಪುವುದಿಲ್ಲ. ಅದಕ್ಕೆ ಕಾರಣವಿದೆ. ಹೊಲದ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ತಮ್ಮದೇ ಬ್ರೇಕು ಇರುವುದಿಲ್ಲ. ಮುಂದೆ ಟ್ರ್ಯಾಕ್ಟರ್ ನಿಂತರೂ ಹಿಂದಿನ ಭಾರ ನೂಕುತ್ತದೆ. ಇಳಿಜಾರಿನ ತಿರುವಿನಲ್ಲಿ ಟ್ರೇಲರ್ ಅಡ್ಡ ತಿರುಗಿ ಮಗುಚಬಹುದು. ಒಳಗಿದ್ದವರಿಗೆ ಹಿಡಿದುಕೊಳ್ಳಲು ಸೀಟೂ ಇಲ್ಲ, ಬೆಲ್ಟೂ ಇಲ್ಲ. ಜಾತ್ರೆಗೆ ಹೊರಟ ಟ್ರ್ಯಾಕ್ಟರ್ ಮಗುಚಿದ ಸುದ್ದಿಯನ್ನು ಪೇಪರಿನಲ್ಲಿ ಓದದವರು ನಮ್ಮ ಕಡೆ ಯಾರೂ ಇಲ್ಲ.

ಹಾಗಾದರೆ ಜನ ಹೋಗುವುದು ಹೇಗೆ? ಬಸ್ಸಿನಲ್ಲಿ. ಹುಣ್ಣಿಮೆಗೆ ವಾಯವ್ಯ ಸಾರಿಗೆಯವರು ಗುಡ್ಡಕ್ಕೆ ವಿಶೇಷ ಬಸ್ಸು ಬಿಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವೂ ಇಲ್ಲ. ಸಾಮಾನು ಟ್ರೇಲರ್‌ನಲ್ಲಿ, ಜನ ಬಸ್ಸಿನಲ್ಲಿ ಎಂದು ತೀರ್ಮಾನವಾಯಿತು. ಅಕ್ಕ ಸುಮ್ಮನಾದಳು, ಒಪ್ಪಿದಳು ಎನ್ನಲಾರೆ.

ಟ್ರೇಲರ್‌ನ ಪಾಠ

ಹೊರಡುವ ಮೊದಲು ಮೊಮ್ಮಕ್ಕಳ ಕೈಯಿಂದಲೇ ಕೆಲಸ ಮಾಡಿಸಿದೆವು. ಕಬ್ಬಿಣದ ಕಮಾನುಗಳಿಗೆ ತಾಡಪತ್ರಿ ಬಿಗಿದದ್ದು, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದು ಅವರೇ. ರಾತ್ರಿ ನಿಂತ ಟ್ರೇಲರ್ ಹಿಂದಿನವರಿಗೆ ಕಾಣದೆ ಎಷ್ಟೋ ಅಪಘಾತಗಳಾಗುತ್ತವೆ.

ಎರಡು ಗಾಲಿಯ ಗಾಡಿಗೆ ಭಾರ ಹೇರುವುದು ಒಂದು ವಿದ್ಯೆ. ಚಕ್ಕಡಿಯಲ್ಲಿ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಇಳಿಯುತ್ತದೆ. ಟ್ರೇಲರ್‌ಗೂ ಅದೇ ನಿಯಮ. ಭಾರದ ಸಾಮಾನು ಗಾಲಿಯ ಅಚ್ಚಿನ ಮೇಲೆ, ಅದಕ್ಕಿಂತ ತುಸು ಮುಂದಕ್ಕೆ ಇರಬೇಕು. ನೀರಿನ ಡ್ರಮ್ಮನ್ನು ಅಲ್ಲೇ ಇಟ್ಟೆವು.

ಹಿಂದಕ್ಕೆ ಹೊಡೆಯುವುದು ಇನ್ನೂ ಕಠಿಣ. ಇದನ್ನು ನೀವು ಮನೆಯಲ್ಲೇ ಮಾಡಿ ನೋಡಿ. ಒಂದು ಆಟಿಕೆ ಕಾರಿನ ಹಿಂದೆ ಇನ್ನೊಂದು ಎರಡು ಗಾಲಿಯ ಆಟಿಕೆ ಗಾಡಿಯನ್ನು ತಂತಿಯಿಂದ ಕಟ್ಟಿ. ಕಾರನ್ನು ಹಿಂದಕ್ಕೆ ನೂಕುತ್ತ ಅದರ ಬಾಲವನ್ನು ಬಲಕ್ಕೆ ತಿರುಗಿಸಿ. ಹಿಂದಿನ ಗಾಡಿ ಎಡಕ್ಕೆ ತಿರುಗುತ್ತದೆ! ಟ್ರ್ಯಾಕ್ಟರ್ ಓಡಿಸುವ ನಿಮ್ಮ ಕಾಕಾ ಮಾಮಾ ಜಾತ್ರೆಯ ಗದ್ದಲದಲ್ಲಿ ಟ್ರೇಲರನ್ನು ಹಿಂದಕ್ಕೆ ತಂದು ಸಾಲಿನಲ್ಲಿ ನಿಲ್ಲಿಸುವುದು ಎಂಥ ಕೌಶಲ ಎಂದು ಆಗ ತಿಳಿಯುತ್ತದೆ.

ಗುಡ್ಡದ ಬಯಲಲ್ಲಿ

ತಮ್ಮ ನಸುಕಿನಲ್ಲೇ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗಿ ಜಾಗ ಹಿಡಿದಿದ್ದ. ಬಸ್ಸಿನವರು ನಾವು ಮಧ್ಯಾಹ್ನ ಮುಟ್ಟಿದೆವು. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಟ್ರೇಲರ್‌ನ ಮೂಗಿಗೆ ಆಸರೆ ನಿಲ್ಲಿಸಿ, ಪಿನ್ನು ತೆಗೆದು, ಟ್ರ್ಯಾಕ್ಟರ್ ಬಿಡಿಸಿಕೊಂಡು ತಮ್ಮ ಖಾಲಿ ಡ್ರಮ್ಮಿನೊಂದಿಗೆ ನೀರಿಗೆ ಹೊರಟ. ಕಮಾನಿನ ಕೆಳಗೆ ಕೌದಿಯ ಮೇಲೆ ಕುಳಿತ ಅಕ್ಕ ಅವನು ಹೋದ ದಿಕ್ಕನ್ನೇ ನೋಡುತ್ತಿದ್ದಳು.

“ಇದು ಅಪ್ಪನ ಚಕ್ಕಡಿನ ಆತಲ್ಲೋ,” ಎಂದಳು. “ಎತ್ತಿನ ಬದಲಿ ಟ್ರ್ಯಾಕ್ಟರ್, ಅಷ್ಟ.”

ನಾನು ಎರಡು ಕಾಲಮ್ಮಿನಲ್ಲಿ ಬರೆದದ್ದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ರಾತ್ರಿ ಯಾರಿಗಾದರೂ ಮೈಯಲ್ಲಿ ನೆಟ್ಟಗಿಲ್ಲದಿದ್ದರೆ ಇರಲಿ ಎಂದು ಮಗನ ಮೋಟಾರ್‌ಸೈಕಲ್ಲನ್ನೂ ಟ್ರೇಲರ್‌ನಲ್ಲೇ ಹೇರಿ ತಂದಿದ್ದೆವು. ಅದರ ಕೆಲಸ ಬೀಳಲಿಲ್ಲ.

ಟ್ರೇಲರೇ ಎಲ್ಲರಿಗೂ ಮೇಲು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಬಾಗಿಲಿಲ್ಲ, ರಾತ್ರಿ ಒಬ್ಬರು ಎಚ್ಚರವಿರಬೇಕು. ಗಾಳಿ ಬೀಸಿದರೆ ತಾಡಪತ್ರಿ ಪಟಪಟ ಬಡಿಯುತ್ತದೆ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹಾಡಿಕೊಂಡು ಹೋಗುವ ಸುಖವಂತೂ ಹೋಯಿತು. ಟ್ರ್ಯಾಕ್ಟರ್ ಇಲ್ಲದ ಮನೆಯವರು ಟ್ರೇಲರ್ ಕೊಂಡು ಏನು ಮಾಡಬೇಕು? ಎಳೆಯುವುದು ಮನೆಯಲ್ಲಿದ್ದವರಿಗೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಹಿರಿಯರಿಗೆ ಒಂದು ಮಾತು

ಹಳೇ ಗಾಡಿ ಮಾರುವಾಗ ಹಣ ಎಣಿಸಿಕೊಂಡರೆ ವ್ಯವಹಾರ ಮುಗಿಯುವುದಿಲ್ಲ. ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಗಬೇಕು. ಅದಕ್ಕೆ ಫಾರ್ಮ್ 29 ಮತ್ತು 30 ತುಂಬಬೇಕು. ರಾಜ್ಯದೊಳಗೇ ಮಾರಿದರೆ 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ನಮ್ಮ ಭಾಗದವರಿಗೆ ಅದು ಬೈಲಹೊಂಗಲ, ಕೆಎ 24. ಹೆಸರು ಬದಲಾಗದೆ ಉಳಿದು, ಕೊಂಡವರ ಕೈಯಲ್ಲಿ ಗಾಡಿ ಅಪಘಾತ ಮಾಡಿದರೆ ನೋಟಿಸು ಬರುವುದು ನಮ್ಮ ಬಾಗಿಲಿಗೆ. ಟ್ರೇಲರ್‌ಗೂ ಟ್ರ್ಯಾಕ್ಟರ್‌ನಂತೆ ನೋಂದಣಿ, ವಿಮೆ ಇರಬೇಕು ಎಂಬುದನ್ನು ಮರೆಯಬೇಡಿ.

ನಮ್ಮ ವ್ಯಾನಿನ ಹೆಸರು ಬದಲಾದ ಕಾಗದ ಪೆಟ್ಟಿಗೆಯಲ್ಲಿದೆ. ಟ್ರೇಲರ್ ಈಗ ಕಬ್ಬು ಹೇರುತ್ತಿದೆ. ಕಮಾನುಗಳನ್ನು ಹಿತ್ತಲಲ್ಲಿ ಒರಗಿಸಿದ್ದೇವೆ, ಭಾರತ ಹುಣ್ಣಿಮೆಗೆ ಮತ್ತೆ ಇಳಿಸಬೇಕು. ಅಕ್ಕ ಈಗಲೇ ಬಸ್ಸಿನ ಕಿಟಕಿಯ ಸೀಟು ತನಗೆಂದು ಹೇಳಿಟ್ಟಿದ್ದಾಳೆ.