ದಿನಕ್ಕೊಮ್ಮೆ ಹಾಲೂಡುವ ತಾಯಿ: ಮನೆಯಲ್ಲಿ ಮೊಲದ ಮರಿಗಳ ಆರೈಕೆ

ಶಹಾಡ್ ನಿಲ್ದಾಣದ ಆಸುಪಾಸಿನ ಚಾಳುಗಳಲ್ಲಿ, ಕಲ್ಯಾಣ್–ಡೊಂಬಿವಲಿಯ ಪುಟ್ಟ ಫ್ಲ್ಯಾಟುಗಳಲ್ಲಿ ಮೊಲ ಸಾಕುವ ಮನೆಗಳಿಗೆ ಮರಿಗಳು ಹೇಳದೆ ಕೇಳದೆ ಬರುತ್ತವೆ. ಮಕ್ಕಳ ಹಟಕ್ಕೆ ಜೋಡಿ ತಂದಿರುತ್ತಾರೆ. ಒಂದು ಬೆಳಿಗ್ಗೆ ಪಂಜರದ ಮೂಲೆಯ ತುಪ್ಪಳದೊಳಗೆ ಕೆಂಪು ಜೀವಗಳು ಮಿಸುಕುತ್ತಿರುತ್ತವೆ. ತಾಯಿ ಮಾತ್ರ ಇನ್ನೊಂದು ಮೂಲೆಯಲ್ಲಿ ತನಗೇನೂ ಸಂಬಂಧವಿಲ್ಲದಂತೆ ಕೂತಿರುತ್ತದೆ. ‘ಮರಿಗಳನ್ನು ಕೈಬಿಟ್ಟಿದೆ’ ಎಂದುಕೊಂಡ ಮನೆಯವರು ಹಸುವಿನ ಹಾಲನ್ನು ಡ್ರಾಪರಿನಲ್ಲಿ ಮರಿಯ ಬಾಯಿಗೆ ಬಿಡುತ್ತಾರೆ. ಹಾಲು ಶ್ವಾಸಕೋಶಕ್ಕೆ ಇಳಿದು ಆರೋಗ್ಯವಂತ ಮರಿಯೂ ಸಾಯುತ್ತದೆ. ಮೊಲದ ಬಾಣಂತನದಲ್ಲಿ ನಮ್ಮ ಕೆಲಸ ಹೆಚ್ಚಿರುವುದು ಹೆರಿಗೆಗೆ ಮುಂಚೆ. ಆಮೇಲೆ ಬೇಕಿರುವುದು ಕಾವಲು ಮತ್ತು ತಾಳ್ಮೆ.

ದೂರವಿರುವುದೇ ರಕ್ಷಣೆ

ನಾವು ಸಾಕುವ ಮೊಲಗಳೆಲ್ಲ ಸ್ಪೇನ್–ಪೋರ್ಚುಗಲ್ ಕಡೆಯ ಬಿಲವಾಸಿ ಮೊಲದ ಸಂತತಿ. ಅಲ್ಲಿ ತಾಯಿ ಮರಿಗಳಿಗೆಂದೇ ಪ್ರತ್ಯೇಕ ಬಿಲ ತೋಡುತ್ತದೆ, ಹಾಲು ಕುಡಿಸಿ ಅದರ ಬಾಯಿಗೆ ಮಣ್ಣು ಮುಚ್ಚಿ ಹೊರಟುಬಿಡುತ್ತದೆ. ಮತ್ತೆ ಮತ್ತೆ ಬಂದುಹೋದರೆ ನರಿಗೆ ಜಾಡು ಸಿಕ್ಕೀತೆಂಬುದೇ ಇದಕ್ಕೆ ಕಾರಣ. ಪಂಜರಕ್ಕೆ ಬಂದರೂ ಈ ಸ್ವಭಾವ ಹೋಗಿಲ್ಲ. ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಅದೂ ರಾತ್ರಿ ಅಥವಾ ನಸುಕಿನಲ್ಲಿ, ಮೂರರಿಂದ ಐದು ನಿಮಿಷ ಹಾಲೂಡಿಸುತ್ತದೆ. ಆ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ತಲಾ ಶೇ. 10ಕ್ಕಿಂತ ಹೆಚ್ಚು, ಹಸುವಿನ ಹಾಲಿನಲ್ಲಿ ಎರಡೂ ಸುಮಾರು ಶೇ. 3–4 ಮಾತ್ರ. ಹಾಗಾಗಿ ಒಂದೇ ಊಟ ಇಡೀ ದಿನಕ್ಕೆ ಸಾಕಾಗುತ್ತದೆ.

ಕಣ್ಣು ಕಾಣದ, ಕಿವಿ ಕೇಳದ ಮರಿ ಕತ್ತಲಲ್ಲಿ ಮೊಲೆತೊಟ್ಟು ಹುಡುಕುವುದು ವಾಸನೆಯಿಂದ. ಫ್ರಾನ್ಸಿನ ವಿಜ್ಞಾನಿ ಬೆನೊವಾ ಶಾಲ್ ಮತ್ತು ಸಂಗಡಿಗರು 2003ರಲ್ಲಿ ತಾಯಿಮೊಲದ ಹಾಲಿನಲ್ಲಿ 2-ಮಿಥೈಲ್‌ಬ್ಯೂಟ್-2-ಈನಾಲ್ ಎಂಬ ರಾಸಾಯನಿಕವನ್ನು ಗುರುತಿಸಿದರು. ಅದರ ವಾಸನೆ ತಗುಲಿದೊಡನೆ ಮರಿ ತಲೆಯಾಡಿಸಿ ತೊಟ್ಟಿಗಾಗಿ ತಡಕಾಡುತ್ತದೆ. ಆದ್ದರಿಂದ ಗೂಡಿನ ಹತ್ತಿರ ಫಿನಾಯಿಲ್, ಊದುಬತ್ತಿ, ಸೊಳ್ಳೆಬತ್ತಿ ಬೇಡ.

ಮೂವತ್ತೊಂದು ದಿನಗಳ ಸಿದ್ಧತೆ

ಮೊಲದ ಗಬ್ಬದ ಅವಧಿ ಹೆಚ್ಚುಕಡಿಮೆ 31 ದಿನ. ಎರಡು ವಾರ ಕಳೆದ ಮೇಲೆ ಪಶುವೈದ್ಯರು ಹೊಟ್ಟೆಯನ್ನು ಮೆಲ್ಲನೆ ಮುಟ್ಟಿ ಗಬ್ಬ ನಿಂತಿದೆಯೇ ಹೇಳಬಲ್ಲರು. ನಾವು ಒತ್ತಿ ನೋಡಬಾರದು. 27–28ನೆಯ ದಿನಕ್ಕೆ ಗೂಡಿನ ಪೆಟ್ಟಿಗೆ ಇಡಬೇಕು. ಉದ್ದ ಸುಮಾರು 45 ಸೆಂ.ಮೀ., ಅಗಲ, ಎತ್ತರ 30 ಸೆಂ.ಮೀ. ಇದ್ದರೆ ಮಧ್ಯಮ ಗಾತ್ರದ ಮೊಲಕ್ಕೆ ಸಾಕು. ಹಾಪೂಸ್ ಮಾವಿನ ಮರದ ಪೇಟಿ ಸಿಕ್ಕಿದರೆ ಮೊಳೆ, ಸಿಬಿರು ತೆಗೆದು ಬಳಸಬಹುದು. ತಾಯಿ ಹಾರಿ ಒಳಹೋಗುವಂತೆ, ಮರಿ ತೆವಳಿ ಹೊರಬೀಳದಂತೆ ಬಾಗಿಲಿಗೆ 15 ಸೆಂ.ಮೀ.ಯಷ್ಟು ಹೊಸ್ತಿಲಿರಲಿ. ನಮ್ಮ ಸೆಕೆಗೆ ತಗಡಿನ ಡಬ್ಬಿ ಸಲ್ಲದು.

ಒಳಗೆ ಮೆತ್ತನೆಯ ಒಣಹುಲ್ಲು ತುಂಬಿ. ಹತ್ತಿ, ದಾರ, ಹಳೆ ಸೀರೆಯ ತುಂಡು ಬೇಡ; ಎಳೆಗಳು ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತಾಗುತ್ತದೆ. ಮೊಲ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಓಡಾಡತೊಡಗಿದರೆ, ಹೊಟ್ಟೆಯ ತುಪ್ಪಳ ಕಿತ್ತು ಹಾಸತೊಡಗಿದರೆ ಹೆರಿಗೆ ಹತ್ತಿರವಾಯಿತೆಂದು ತಿಳಿಯಿರಿ.

ಗಂಡನ್ನು ಹೆರಿಗೆಗೆ ಮುಂಚೆಯೇ ಬೇರೆ ಪಂಜರಕ್ಕೆ ಹಾಕಬೇಕು. ಹೆಣ್ಣು ಮೊಲ ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಒಂದೆಡೆ ಹಾಲೂಡುತ್ತ, ಇನ್ನೊಂದೆಡೆ ಗರ್ಭ ಹೊತ್ತು ಅದರ ದೇಹ ಸೊರಗುತ್ತದೆ.

ಹೆರಿಗೆ ಮತ್ತು ಮೊದಲ ವಾರ

ಹೆರಿಗೆ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಾಸನ್ನು ತಾಯಿಯೇ ತಿಂದುಬಿಡುತ್ತದೆ, ಗಾಬರಿ ಬೇಡ. ಗಾಬರಿಪಡಿಸುವುದೂ ಬೇಡ: ಬೆದರಿದ ಮೊಲ, ಅದರಲ್ಲೂ ಚೊಚ್ಚಲಿನದು, ಮರಿಗಳನ್ನು ತುಳಿಯಬಹುದು, ಕಚ್ಚಲೂಬಹುದು. ಗಣೇಶೋತ್ಸವದ ಢೋಲ್‌ತಾಶಾ, ದೀಪಾವಳಿಯ ಪಟಾಕಿ ಇರುವ ದಿನಗಳಾದರೆ ಪಂಜರವನ್ನು ಒಳಕೋಣೆಗೆ ಸರಿಸಿ.

ಕೈತೊಳೆದು, ಅಂಗೈಗೆ ತಾಯಿಯ ಹಾಸಿನ ಹುಲ್ಲು ಉಜ್ಜಿಕೊಂಡು ದಿನಕ್ಕೊಮ್ಮೆ ಗೂಡು ನೋಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆಂಬುದು ಸಾಕುಮೊಲದ ಮಟ್ಟಿಗೆ ನಿಜವಲ್ಲ. ಸತ್ತ ಮರಿ ಇದ್ದರೆ ತೆಗೆಯಿರಿ, ಉಳಿದವನ್ನು ಎಣಿಸಿ, ಹೊಟ್ಟೆ ನೋಡಿ. ಹಾಲುಂಡ ಮರಿಯ ಹೊಟ್ಟೆ ದುಂಡಗಿರುತ್ತದೆ, ತೆಳು ಚರ್ಮದಡಿ ಹಾಲು ಬೆಳ್ಳಗೆ ಕಾಣುತ್ತದೆ. ಚರ್ಮ ಸುಕ್ಕುಗಟ್ಟಿ ಹೊಟ್ಟೆ ಒಳಹೋಗಿದ್ದರೆ ಹಾಲು ಸಿಕ್ಕಿಲ್ಲ.

ಎಣಿಕೆ ಏಕೆ ಮುಖ್ಯವೆಂದರೆ, ತೊಟ್ಟು ಬಿಡದ ಮರಿ ತಾಯಿಯ ಜೊತೆ ಎಳೆದುಕೊಂಡು ಹೊರಬಂದುಬಿಡುತ್ತದೆ. ಬೆಕ್ಕಿನಂತೆ ಮೊಲ ಮರಿಯನ್ನು ಕಚ್ಚಿ ತರುವುದಿಲ್ಲ. ನಾವು ನೋಡಿ ಒಳಗಿಡದಿದ್ದರೆ ಅದು ಅಲ್ಲೇ ತಣ್ಣಗಾಗಿ ಸಾಯುತ್ತದೆ. ಬಿದ್ದ ಮರಿಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಉಳಿದವುಗಳ ನಡುವೆ ಇಡಿ.

ಸೆಕೆ, ಮಳೆ, ಇರುವೆ

ಏಪ್ರಿಲ್–ಮೇಯಲ್ಲಿ ಕಲ್ಯಾಣ್ ಕಡೆ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ದಪ್ಪ ತುಪ್ಪಳದ ಮೊಲಕ್ಕೆ 30 ದಾಟಿದರೇ ಕಷ್ಟ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ; ಬಟ್ಟೆ ಸುತ್ತಿದ ಐಸಿನ ಬಾಟಲಿಯನ್ನು ತಾಯಿ ಒರಗುವಲ್ಲಿ ಇಡಿ, ಗೂಡಿನಲ್ಲಿ ಬೇಡ. ಮರಿಗಳು ಒಂದನ್ನೊಂದು ಬಿಟ್ಟು ದೂರ ದೂರ ಚಾಚಿಕೊಂಡಿದ್ದರೆ ಮೇಲಿನ ತುಪ್ಪಳ ಸ್ವಲ್ಪ ತೆಗೆಯಿರಿ. ಚಳಿಯಾದಾಗ ಅವು ಒತ್ತೊತ್ತಾಗಿ ಗುಂಪುಗೂಡುತ್ತವೆ.

ಮಳೆಗಾಲದಲ್ಲಿ ಹುಲ್ಲು ಬೂಷ್ಟು ಹಿಡಿಯುತ್ತದೆ. ಅಂಥದ್ದನ್ನು ಹಾಸಲೂಬಾರದು, ತಿನ್ನಿಸಲೂಬಾರದು. 2005ರ ಜುಲೈ 26ರ ಮಳೆಯಲ್ಲಿ ಉಲ್ಹಾಸ್ ನದಿ ತಗ್ಗಿನ ಮನೆಗಳಿಗೆ ನುಗ್ಗಿದ್ದನ್ನು ಈ ಭಾಗದ ಜನ ಮರೆತಿಲ್ಲ. ನೆಲಮಹಡಿಯವರು ಪಂಜರವನ್ನು ಎತ್ತರದಲ್ಲೇ ಇಡಬೇಕು. ಇರುವೆ ಬಾರದಂತೆ ಪಂಜರದ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ಇಲಿ, ಬೆಕ್ಕು, ಕಾಗೆ ತೂರದ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ನಾಯಿಬೆಕ್ಕಿಗೆ ಬಳಸುವ ಫಿಪ್ರೊನಿಲ್ ಇರುವ ಚಿಗಟದ ಔಷಧ ಮೊಲಕ್ಕೆ ವಿಷ.

ಹಾಲೂಡುವ ತಾಯಿಗೆ ನೀರು ಎಂದೂ ಬರಿದಾಗಬಾರದು. ಇಲ್ಲಿನವರು ಲಸೂಣ್ ಘಾಸ್ ಎನ್ನುವ ಕುದುರೆಮಸಾಲೆ ಸೊಪ್ಪಿನಲ್ಲಿ ಪ್ರೋಟೀನು, ಸುಣ್ಣಾಂಶ ಹೆಚ್ಚು. ಒಣಹುಲ್ಲಿನ ಜೊತೆ ಇದನ್ನೂ ಕೊಡಿ.

ನಿಜಕ್ಕೂ ಹಾಲಿಲ್ಲದಿದ್ದರೆ

ಎರಡನೆಯ ದಿನವೂ ಹೊಟ್ಟೆ ಖಾಲಿ ಇದ್ದರೆ, ಅಥವಾ ತಾಯಿ ಸತ್ತಿದ್ದರೆ, ಕೂಡಲೇ ವೈದ್ಯರ ಬಳಿ ಹೋಗಿ. ಅದೇ ಸಮಯಕ್ಕೆ ಮರಿ ಹಾಕಿದ ಇನ್ನೊಂದು ಮೊಲವಿದ್ದರೆ ಅದರ ಗೂಡಿಗೆ ಸೇರಿಸುವುದೇ ಉತ್ತಮ. ಕೈಯಿಂದ ಕುಡಿಸಲೇಬೇಕಾದರೆ ಬೆಕ್ಕಿನ ಮರಿಗಳಿಗೆಂದು ಸಿಗುವ ಹಾಲಿನ ಪುಡಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಮರಿಯನ್ನು ಬೆನ್ನ ಮೇಲೆ ಮಲಗಿಸದೆ, ಹನಿಹನಿಯಾಗಿ ಕೊಡಬೇಕು. ಮೊಲ ನೋಡುವ ವೈದ್ಯರನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಬಾಯಿಂದ ಕೊಡುವ ಅಮಾಕ್ಸಿಸಿಲಿನ್‌ನಂಥ ಪ್ರತಿಜೈವಿಕಗಳು ಮೊಲದ ಕರುಳನ್ನು ಕೆಡಿಸಿ ಕೊಲ್ಲಬಲ್ಲವು, ಮನೆಯ ಮಾತ್ರೆ ಬೇಡವೇ ಬೇಡ. ಹತ್ತಿರ ಯಾರೂ ಸಿಗದಿದ್ದರೆ ಮಧ್ಯ ರೈಲ್ವೆಯ ದಾರಿಯಲ್ಲೇ ಪರೇಲ್ ಇದೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇರುವ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ 1886ರ ಮುಂಬಯಿ ಪಶುವೈದ್ಯಕೀಯ ಕಾಲೇಜೂ ಇವೆ.

ಕಣ್ತೆರೆದ ಮೇಲೆ

ವಾರದಲ್ಲಿ ತುಪ್ಪಳ ಮೂಡುತ್ತದೆ, 10–12ನೆಯ ದಿನಕ್ಕೆ ಕಣ್ಣು ತೆರೆಯುತ್ತದೆ. ಅಂಟಿಕೊಂಡಿದ್ದರೆ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕೀವಿದ್ದರೆ ವೈದ್ಯರಿಗೆ ತೋರಿಸಿ. ಮೂರನೆಯ ವಾರ ಮರಿಗಳು ಹೊರಬಂದು ಹುಲ್ಲು ಕಡಿಯುತ್ತವೆ. ತಾಯಿಯ ಹಿಕ್ಕೆಯನ್ನೂ ತಿನ್ನುತ್ತವೆ. ಅದರಿಂದಲೇ ಜೀರ್ಣಕ್ಕೆ ಬೇಕಾದ ಸೂಕ್ಷ್ಮಜೀವಿಗಳು ಕರುಳಿಗೆ ಸೇರುತ್ತವೆ, ತಡೆಯಬೇಡಿ. ಹಾಲು ಬಿಡುವ ಕಾಲ ಅಪಾಯದ ಕಾಲ. ಆಗ ಒಣಹುಲ್ಲೇ ಮುಖ್ಯ ಆಹಾರ. ಸೊಪ್ಪನ್ನು ಒಂದೊಂದಾಗಿ, ಚೂರುಚೂರೇ ರೂಢಿಸಿ. ಭೇದಿಯಾದ ಮರಿ ಒಂದೇ ದಿನದಲ್ಲಿ ಕೈತಪ್ಪಬಹುದು.

ಎಂಟು ವಾರದವರೆಗೆ ಮರಿಗಳನ್ನು ತಾಯಿಯಿಂದ ಅಗಲಿಸಬೇಡಿ. ಮೂರು ತಿಂಗಳ ಹೊತ್ತಿಗೆ ಗಂಡುಹೆಣ್ಣುಗಳನ್ನು ಬೇರ್ಪಡಿಸಿ, ಇಲ್ಲವಾದರೆ ಒಡಹುಟ್ಟಿದವೇ ಮತ್ತೆ ಮರಿ ಹಾಕುತ್ತವೆ. ದೊಡ್ಡ ಗಂಡಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ. ಆಮೇಲೂ ಕೆಲವು ವಾರ ಹೆಣ್ಣಿನಿಂದ ದೂರವಿಡಿ. ಹೆಚ್ಚಾದ ಮರಿಗಳನ್ನು ನದಿದಂಡೆಯ ಪೊದೆಗೋ ಮೈದಾನಕ್ಕೋ ಬಿಟ್ಟು ಬರುವುದು ಅವನ್ನು ನಾಯಿಗಳ ಬಾಯಿಗೆ ಕೊಟ್ಟಂತೆ. ಮೊಲ ಎಂಟು–ಹತ್ತು ವರ್ಷ ಬದುಕುವ ಪ್ರಾಣಿ. ಅಷ್ಟು ಕಾಲ ನೋಡಿಕೊಳ್ಳುವ ಮನೆಗಳು ಗೊತ್ತಾದ ಮೇಲೆಯೇ ಮುಂದಿನ ಸೂಲಿನ ಮಾತು. ಗೊತ್ತಾಗದಿದ್ದರೆ ಇದೇ ಕೊನೆಯ ಸೂಲಾಗಲಿ.