ದೂರ ಒಂದೇ, ಹೊತ್ತು ಬೇರೆ

ಪ್ರಶ್ನೆ: ನ್ಯೂಯಾರ್ಕ್‌ನಿಂದ ಲಂಡನ್ನಿಗೆ ವಿಮಾನ ಬೇಗ ತಲುಪುತ್ತದೆ, ವಾಪಸು ಬರಲು ಹೆಚ್ಚು ಹೊತ್ತು ಬೇಕು. ಭೂಮಿ ತಿರುಗುವುದೇ ಇದಕ್ಕೆ ಕಾರಣವೇ?

ಉತ್ತರ: ನೇರವಾಗಿ ಅಲ್ಲ. ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ಆ ತಿರುಗುವಿಕೆಯೇ ಕಾರಣವಾಗಿದ್ದರೆ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಊರೇ ಎದುರು ಬಂದು ಪ್ರಯಾಣ ಚಿಕ್ಕದಾಗಬೇಕಿತ್ತು. ಆಗುವುದು ಇದಕ್ಕೆ ತದ್ವಿರುದ್ಧ. ನೆಲದ ಜೊತೆಗೆ ಗಾಳಿಯೂ ವಿಮಾನವೂ ತಿರುಗುತ್ತಿರುವುದರಿಂದ ಆ ಲಾಭನಷ್ಟ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಜವಾದ ಕಾರಣ ಸುಮಾರು 10 ಕಿ.ಮೀ. ಎತ್ತರದಲ್ಲಿ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿ. ಒಂದೇ ಬಲದಿಂದ ಹುಟ್ಟುಹಾಕಿದರೂ ದೋಣಿ ಹೊಳೆಯ ಸೆಳವಿನೊಡನೆ ಬೇಗ ಸಾಗುತ್ತದೆ, ಎದುರಾಗಿ ಹೋಗುವಾಗ ಏಗುತ್ತದೆ. ವಿಮಾನದ ಪಾಡೂ ಅದೇ. ಹೀಗಾಗಿ ಸುಮಾರು 5,500 ಕಿ.ಮೀ. ದೂರದ ಈ ಹಾದಿಯಲ್ಲಿ ಹೋಗುಬರುವಿಕೆಯ ನಡುವೆ ಸಾಮಾನ್ಯವಾಗಿ ಒಂದು ಗಂಟೆಯಷ್ಟು ವ್ಯತ್ಯಾಸ ಬೀಳುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬಲದಿಂದ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು 5 ಗಂಟೆಯೊಳಗೇ ಲಂಡನ್ ಮುಟ್ಟಿತ್ತು.

ಹೋಗುವಾಗ ಉಳಿದದ್ದು ಬರುವಾಗ ಕಳೆದು ಸರಿಹೋಗುವುದಿಲ್ಲವೇ ಎನ್ನಬಹುದು. ಇಲ್ಲ; ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಹೆಚ್ಚು. ಅದಕ್ಕೇ ಪಶ್ಚಿಮಕ್ಕೆ ಹೋಗುವ ವಿಮಾನಗಳು ಈ ಗಾಳಿಯನ್ನು ತಪ್ಪಿಸಲು ಬಳಸುದಾರಿ ಹಿಡಿಯುವುದುಂಟು. ಅಂದಹಾಗೆ, ಧ್ರುವದ ತಂಪು ಮತ್ತು ಉಷ್ಣವಲಯದ ಬಿಸಿಯ ಅಂತರದಿಂದ ಹುಟ್ಟುವ ಈ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದು ಮಾತ್ರ ಭೂಮಿಯ ತಿರುಗುವಿಕೆಯೇ.